ಒಬ್ಬೊಬ್ಬರ ಉಸಿರಿಗೂ ಒಂದೊಂದು ಪಾಠ: ಉಬ್ಬಸದ ಶಿಕ್ಷಣ ನಡೆದು ಬಂದ ದಾರಿ



ಬಿ.ಎಡ್. ಓದುವಾಗ ಶಿಕ್ಷಣ ಮನೋವಿಜ್ಞಾನದಲ್ಲಿ ‘ವೈಯಕ್ತಿಕ ಭಿನ್ನತೆಗಳು’ ಎಂಬ ಅಧ್ಯಾಯವೊಂದಿತ್ತು. ಒಂದೇ ತರಗತಿಯ ಅರವತ್ತು ಮಕ್ಕಳು ಅರವತ್ತು ಬಗೆಯವರು. ಎಲ್ಲರಿಗೂ ಒಂದೇ ಪಾಠವನ್ನು ಒಂದೇ ರೀತಿಯಲ್ಲಿ ಹೇಳಿದರೆ ಅದು ಕೆಲವರಿಗೆ ಮಾತ್ರ ತಲುಪುತ್ತದೆ ಎಂಬುದು ಅದರ ತಾತ್ಪರ್ಯ. ನಮಗೆ ಪರೀಕ್ಷೆಯ ಪ್ರಶ್ನೆಯಾಗಿ ಮಾತ್ರ ಕಂಡಿದ್ದ ಈ ತತ್ತ್ವವು ವೈದ್ಯಶಾಸ್ತ್ರದ ಒಂದು ಮೂಲೆಯಲ್ಲಿ ಸಾವು-ಬದುಕಿನ ಪ್ರಶ್ನೆಯಾಗಿ ಬಂದಿತೆಂಬುದನ್ನು ನಿವೃತ್ತಿಯ ನಂತರದ ಓದಿನಲ್ಲಿ ತಿಳಿದುಕೊಂಡೆ. ಆ ಮೂಲೆ ಯಾವುದೆಂದರೆ ಉಬ್ಬಸ. ನಮ್ಮ ಹಿರಿಯರು ದಮ್ಮು ಎಂದೂ ಗೂರಲು ಎಂದೂ ಕರೆಯುತ್ತಿದ್ದ ಆಸ್ತಮಾ. ನಾನು ವೈದ್ಯನಲ್ಲ, ಇತಿಹಾಸ ಕಲಿಸಿದವನು. ಆದುದರಿಂದ ಇಲ್ಲಿರುವುದು ಔಷಧದ ಸಲಹೆಯಲ್ಲ. ಉಬ್ಬಸದ ರೋಗಿಗೆ ಪಾಠ ಹೇಳುವ ಕಲೆ ನಡೆದು ಬಂದ ದಾರಿಯ ಕಥೆ.

ನಮ್ಮ ಪರಂಪರೆಯಿಂದಲೇ ಆರಂಭಿಸೋಣ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ‘ತಮಕ ಶ್ವಾಸ’ದ ವರ್ಣನೆಯನ್ನು ಓದಿದರೆ ಇಂದಿನ ಆಸ್ತಮಾ ರೋಗಿಯೇ ಕಣ್ಣ ಮುಂದೆ ಬಂದು ನಿಲ್ಲುತ್ತಾನೆ. ಮಲಗಿದರೆ ಉಸಿರು ಕಟ್ಟುವುದು, ಎದ್ದು ಕುಳಿತರೆ ಹಿತವೆನಿಸುವುದು, ಕಫ ಹೊರಬಿದ್ದೊಡನೆ ಕೊಂಚ ನೆಮ್ಮದಿ, ಮೋಡ ಕವಿದಾಗ, ಮಳೆ ಬಂದಾಗ, ತಣ್ಣನೆಯ ಮೂಡಣ ಗಾಳಿ ಬೀಸಿದಾಗ ಉಲ್ಬಣ — ಎಲ್ಲವೂ ಅಲ್ಲಿವೆ. ಇನ್ನೂ ಮುಖ್ಯವಾದ ಮಾತೊಂದಿದೆ. ಹೊಸದಾಗಿ ಬಂದ ತಮಕ ಶ್ವಾಸವು ಸಾಧ್ಯ, ಅಂದರೆ ಗುಣವಾಗಬಲ್ಲದು, ಬೇರೂರಿದುದು ‘ಯಾಪ್ಯ’. ಯಾಪ್ಯವೆಂದರೆ ಸಂಪೂರ್ಣ ನಿರ್ಮೂಲವಾಗದ, ಆದರೆ ಪಥ್ಯ-ಚಿಕಿತ್ಸೆಗಳಿಂದ ಹಿಡಿತದಲ್ಲಿಟ್ಟುಕೊಂಡು ಬಾಳಬಹುದಾದ ವ್ಯಾಧಿ. ಜ್ವರ ಬಂದವನು ವೈದ್ಯರ ಬಳಿ ನಾಲ್ಕು ದಿನ ಹೋಗಿ ಬಂದರೆ ಸಾಕು. ಯಾಪ್ಯ ರೋಗದವನಾದರೋ ವರ್ಷದ ಮುನ್ನೂರ ಅರವತ್ತೈದು ದಿನವೂ ತನ್ನನ್ನು ತಾನೇ ನೋಡಿಕೊಳ್ಳಬೇಕು. ಅಂಥವನಿಗೆ ಔಷಧದಷ್ಟೇ ವಿದ್ಯೆಯೂ ಅಗತ್ಯ.

ಈ ವಿದ್ಯೆಯನ್ನು ಒಬ್ಬನೇ ರೋಗಿಗಾಗಿ ಬರೆದುಕೊಟ್ಟ ಪ್ರಸಿದ್ಧ ಗ್ರಂಥವೊಂದು ಈಜಿಪ್ಟಿನಲ್ಲಿ ಹುಟ್ಟಿತು. ಸ್ಪೇನಿನ ಕಾರ್ಡೋಬಾದಲ್ಲಿ ಜನಿಸಿದ ಯಹೂದಿ ಪಂಡಿತ ಮೈಮೊನಿಡಿಸ್ ಕೈರೋ ಬಳಿಯ ಫುಸ್ತಾತ್‌ನಲ್ಲಿ ನೆಲೆಸಿ, ಸುಲ್ತಾನ್ ಸಲಾದಿನ್‌ನ ಆಸ್ಥಾನದವರಿಗೆ ವೈದ್ಯನಾಗಿದ್ದನು. ಸುಮಾರು 1190ರಲ್ಲಿ ಅವನು ಉಬ್ಬಸವನ್ನು ಕುರಿತು ಅರಬ್ಬಿ ಭಾಷೆಯಲ್ಲಿ 13 ಅಧ್ಯಾಯಗಳ ಗ್ರಂಥವನ್ನು ರಚಿಸಿದನು. ಅದು ಎಲ್ಲರಿಗಾಗಿ ಬರೆದ ಪಠ್ಯಪುಸ್ತಕವಲ್ಲ. ಉನ್ನತ ಮನೆತನದ ಒಬ್ಬ ರೋಗಿಯ ಕೋರಿಕೆಗೆ ಕೊಟ್ಟ ಉತ್ತರ. ಆ ರೋಗಿಗೆ ತಲೆನೋವು ಎಷ್ಟು ತೀವ್ರವಾಗಿತ್ತೆಂದರೆ ಪೇಟ ಕಟ್ಟಿಕೊಳ್ಳುವುದೂ ಕಷ್ಟವಾಗಿತ್ತು. ಅಲೆಕ್ಸಾಂಡ್ರಿಯಾದ ಹವೆಗಿಂತ ಕೈರೋದ ಹವೆ ತನಗೆ ಒಗ್ಗೀತೇ ಎಂಬುದು ಅವನ ಪ್ರಶ್ನೆ. ತನ್ನಲ್ಲಿ ಮಾಯಾಮದ್ದು ಯಾವುದೂ ಇಲ್ಲವೆಂದು ಮೊದಲೇ ಸ್ಪಷ್ಟಪಡಿಸಿದ ಮೈಮೊನಿಡಿಸ್, ಆ ವ್ಯಕ್ತಿಯ ಊಟ, ನಿದ್ದೆ, ಸ್ನಾನ, ವಾಸಸ್ಥಳದ ಗಾಳಿ, ಮನಸ್ಸಿನ ದುಗುಡ ಎಲ್ಲವನ್ನೂ ಗಮನಿಸಿ ನಿಯಮಗಳನ್ನು ಬರೆದುಕೊಟ್ಟನು.

ಮುಂದೆ 1552ರಲ್ಲಿ ಇಟಲಿಯ ವೈದ್ಯ ಹಾಗೂ ಗಣಿತಜ್ಞ ಜೆರೊಲಾಮೊ ಕಾರ್ಡಾನೊ ಮಿಲಾನಿನಿಂದ ಸ್ಕಾಟ್ಲೆಂಡಿನ ಎಡಿನ್‌ಬರೋವರೆಗೆ ಪ್ರಯಾಣ ಮಾಡಿದನು. ಅಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಉಬ್ಬಸದಿಂದ ಬಳಲುತ್ತಿದ್ದರು. ಕಾರ್ಡಾನೊ ರೋಗಿಯ ದಿನಚರಿಯನ್ನು ಹಲವು ದಿನ ಗಮನಿಸಿದ ಮೇಲೆ ತನ್ನ ವಿಧಿಯನ್ನು ಹೇಳಿದನು. ಗರಿ ತುಂಬಿದ ಹಾಸಿಗೆ-ದಿಂಬುಗಳನ್ನು ಬಿಟ್ಟು ರೇಷ್ಮೆಯ ಹಾಸಿಗೆ ಬಳಸಬೇಕೆಂಬುದು ಅದರಲ್ಲಿ ಒಂದು. ಆಹಾರ, ನಿದ್ದೆಗಳ ಕ್ರಮವನ್ನೂ ವಿವರವಾಗಿ ಬರೆದಿಟ್ಟು ಹೊರಟನು. ಆರ್ಚ್‌ಬಿಷಪ್ಪರು ಚೇತರಿಸಿಕೊಂಡರು. ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗಳು ಉಬ್ಬಸವನ್ನು ಕೆರಳಿಸುತ್ತವೆಂದು ನೆದರ್ಲೆಂಡ್ಸಿನ ಸಂಶೋಧಕರು ತೋರಿಸಿಕೊಟ್ಟದ್ದು 1960ರ ದಶಕದಲ್ಲಿ. ಕಾರಣ ತಿಳಿಯದೆಯೂ, ಒಬ್ಬ ರೋಗಿಯನ್ನು ಕಣ್ಣಿಟ್ಟು ನೋಡಿದ್ದರಿಂದ ಕಾರ್ಡಾನೊ ನಾಲ್ಕು ಶತಮಾನಗಳಷ್ಟು ಮೊದಲೇ ಆ ದಿಕ್ಕಿಗೆ ಬೆರಳು ತೋರಿದ್ದನು.

ಇಂಗ್ಲೆಂಡಿನಲ್ಲಿ ಈ ವಿದ್ಯೆಯನ್ನು ಬೆಳೆಸಿದ ಇಬ್ಬರು ವೈದ್ಯರು ಸ್ವತಃ ಉಬ್ಬಸದ ರೋಗಿಗಳೇ ಆಗಿದ್ದರೆಂಬುದು ಸ್ವಾರಸ್ಯಕರ. 1698ರಲ್ಲಿ ಗ್ರಂಥ ಬರೆದ ಸರ್ ಜಾನ್ ಫ್ಲಾಯರ್ ಒಬ್ಬರು. 1860ರಲ್ಲಿ ಬರೆದ ಹೆನ್ರಿ ಹೈಡ್ ಸಾಲ್ಟರ್ ಮತ್ತೊಬ್ಬರು. ಒಬ್ಬರಿಗೆ ಹಿತವಾದ ಊರು ಇನ್ನೊಬ್ಬರ ಉಸಿರು ಕಟ್ಟಿಸಬಹುದು. ಬೆಕ್ಕು ಹತ್ತಿರ ಸುಳಿದರೆ ಒಬ್ಬರಿಗೆ ತೊಂದರೆ, ಒಣಹುಲ್ಲಿನ ಧೂಳಿನಿಂದ ಇನ್ನೊಬ್ಬರಿಗೆ. ಹೀಗೆ ಆಳಿಗೊಂದು ಬಗೆಯಾಗಿ ವರ್ತಿಸುವ ಈ ರೋಗದ ಚಂಚಲ ಸ್ವಭಾವವನ್ನು ಸಾಲ್ಟರ್ ವಿಸ್ತಾರವಾಗಿ ದಾಖಲಿಸಿದರು. ಗಟ್ಟಿಯಾದ ಕಾಫಿ ಉಬ್ಬಸವನ್ನು ಇಳಿಸುತ್ತದೆಂದು ಅವರು ನಂಬಿದ್ದರು. ಕಾಫಿ ಬೆಳೆಯುವ ನಾಡಿನವರಾದ ನಾವು ಇದಕ್ಕೆ ಹಿಗ್ಗಬಹುದಾದರೂ ಇನ್‌ಹೇಲರಿಗೆ ಕಾಫಿ ಬದಲಿಯಲ್ಲ.

ಇದೇ ಅವಧಿಯಲ್ಲಿ ಇನ್ನೊಂದು ಧಾರೆಯೂ ಹರಿಯತೊಡಗಿತು. ಎಲ್ಲರಿಗೂ ಒಂದೇ ಮದ್ದು ಎಂಬ ಧಾರೆ. ಅದರ ಒಂದು ಮೂಲ ನಮ್ಮ ನೆರೆಯ ಮದರಾಸಿನಲ್ಲಿದೆ. ಅಲ್ಲಿ ಉಬ್ಬಸಕ್ಕೆ ದತ್ತೂರಿಯ ಹೊಗೆ ಸೇದುವ ರೂಢಿಯನ್ನು ಕಂಡ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಬ್ರಿಟನ್ನಿಗೆ ಒಯ್ದನು. ಕಾಲಕ್ರಮದಲ್ಲಿ ‘ಆಸ್ತಮಾ ಸಿಗರೇಟು’ಗಳೇ ತಯಾರಾಗಿ 20ನೇ ಶತಮಾನದವರೆಗೂ ಮಾರಾಟವಾದವು. ದತ್ತೂರಿಯಲ್ಲಿ ಶ್ವಾಸನಾಳವನ್ನು ಸಡಿಲಿಸುವ ಗುಣ ಇದ್ದದ್ದು ನಿಜ, ವಿಷವಿದ್ದದ್ದೂ ನಿಜ. ಯಾರಿಗೆ, ಎಷ್ಟು, ಯಾವಾಗ ಎಂದು ಹೇಳಿಕೊಡುವವರು ಮಾತ್ರ ಆ ಪೊಟ್ಟಣದ ಜೊತೆ ಬರುತ್ತಿರಲಿಲ್ಲ.

ಕಥೆಯ ದೊಡ್ಡ ತಿರುವು ಅಮೆರಿಕದಲ್ಲಿ ಬಂದಿತು. ಆಗ ಔಷಧವನ್ನು ಸಿಂಪಡಿಸಿಕೊಳ್ಳಲು ಗಾಜಿನ ಸಾಧನವಿತ್ತು, ಬಿದ್ದರೆ ಒಡೆಯುತ್ತಿತ್ತು. 1955ರಲ್ಲಿ ರೈಕರ್ ಲ್ಯಾಬೊರೇಟರೀಸ್ ಎಂಬ ಕಂಪನಿಯ ಅಧ್ಯಕ್ಷ ಜಾರ್ಜ್ ಮೇಸನ್‌ರ 13 ವರ್ಷದ ಮಗಳು ಸೂಸಿ, ಕೂದಲಿಗೆ ಹಾಕುವ ಸ್ಪ್ರೇ ಡಬ್ಬಿಯಂತೆ ನನ್ನ ಉಬ್ಬಸದ ಔಷಧವನ್ನೂ ಏಕೆ ಮಾಡಬಾರದು ಎಂದು ತಂದೆಯನ್ನು ಕೇಳಿದಳು. ಮರುವರ್ಷ, 1956ರಲ್ಲಿ, ಅಳತೆಯ ಪ್ರಮಾಣ ನೀಡುವ ಇನ್‌ಹೇಲರ್ ಮಾರುಕಟ್ಟೆಗೆ ಬಂದಿತು. ಪಾಠ ಮಾಡುವವರು ಮಕ್ಕಳ ಪ್ರಶ್ನೆಗಳನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಆದರೆ ಔಷಧ ಜೇಬಿಗೆ ಬಂದಷ್ಟು ಬೇಗ ಅದರ ವಿದ್ಯೆ ತಲೆಗೆ ಬರಲಿಲ್ಲ. 1960ರ ದಶಕದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಉಬ್ಬಸದಿಂದ ಸಾಯುವ ಎಳೆಯರ ಸಂಖ್ಯೆ ಏಕಾಏಕಿ ಏರಿತು. 10ರಿಂದ 14 ವರ್ಷದ ಮಕ್ಕಳಲ್ಲಿ ಏಳು ವರ್ಷಗಳ ಅವಧಿಯಲ್ಲಿ ಸಾವಿನ ಪ್ರಮಾಣ ಸುಮಾರು ಎಂಟು ಪಟ್ಟಾಯಿತೆಂದು 1968ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಐಸೊಪ್ರಿನಲಿನ್ ಎಂಬ ಔಷಧದ ಅತಿ ಪ್ರಬಲ ಇನ್‌ಹೇಲರಿನ ಮೇಲೆ ಸಂಶಯ ಬಿದ್ದಿತು. ಔಷಧವೇ ಹೃದಯಕ್ಕೆ ಅಪಾಯ ತಂದಿತೇ, ಅಥವಾ ತಾತ್ಕಾಲಿಕ ಹಿತವನ್ನು ನಂಬಿ ರೋಗಿಗಳು ಆಸ್ಪತ್ರೆಗೆ ತಡವಾಗಿ ಬಂದರೇ ಎಂಬ ವಾದ ಬಹುಕಾಲ ನಡೆಯಿತು. 1967ರಲ್ಲಿ ವೈದ್ಯರಿಗೆ ಎಚ್ಚರಿಕೆ ಹೋದ ಮೇಲೆ, ಬಳಕೆ ಕುಗ್ಗಿ ಸಾವುಗಳೂ ಇಳಿದವು. 1976ರ ನಂತರ ನ್ಯೂಜಿಲೆಂಡಿನಲ್ಲಿ ಇದೇ ಕಥೆ ಫೆನೊಟೆರಾಲ್ ಎಂಬ ಇನ್ನೊಂದು ಔಷಧದ ಹೆಸರಿನಲ್ಲಿ ಮರುಕಳಿಸಿತು.

ಇದು ದೂರದ ದೇಶಗಳ ಕಥೆಯೆಂದು ಯಾರೂ ಭಾವಿಸಬಾರದು. ನಮ್ಮ ಬಂಧುಗಳಲ್ಲಿ ಹಿರಿಯರಾದವರಿಗೆ ನೆನಪಿರಬಹುದು. 1980ರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ, ಮಲೆನಾಡಿಗೆ ಮದುವೆ ಮಾಡಿಕೊಟ್ಟಿದ್ದ ನನ್ನ ದೊಡ್ಡಮ್ಮನ ಮಗಳು ಉಬ್ಬಸದಿಂದ ತೀರಿಕೊಂಡಳು. ಆಗ ಅವಳಿಗೆ ಇಪ್ಪತ್ತೇಳು ವರ್ಷ. ಆ ಮನೆಯಲ್ಲಿ ಔಷಧಕ್ಕೆ ಕೊರತೆಯಿರಲಿಲ್ಲ. ಬೇರೆಬೇರೆ ವೈದ್ಯರು ಬರೆದುಕೊಟ್ಟ ಮಾತ್ರೆಗಳಿದ್ದವು, ಕಷಾಯದ ಸೀಸೆಯಿತ್ತು, ಅಭ್ಯಾಸವಾಗಿಬಿಟ್ಟೀತೆಂಬ ಭಯದಿಂದ ಬೀರುವಿನೊಳಗೆ ಎತ್ತಿಟ್ಟ ಇನ್‌ಹೇಲರೂ ಇತ್ತು. ಮೂರು ದಿನಗಳಿಂದ ಅವಳು ರಾತ್ರಿ ಕುಳಿತೇ ನಿದ್ದೆ ಮಾಡುತ್ತಿದ್ದಳು. ಕಷ್ಟ ಅವಳಿಗೆ ಹೊಸದಲ್ಲವಾದ್ದರಿಂದ ಮನೆಯವರಿಗೂ ಹೊಸದೆನಿಸಲಿಲ್ಲ. ನಾಲ್ಕನೆಯ ರಾತ್ರಿ ಜೀಪು ಹಿಡಿದು ಹೊರಟಾಗ ಕಾಲ ಮಿಂಚಿತ್ತು. ಯಾರೂ ನಿರ್ದಯಿಗಳಾಗಿರಲಿಲ್ಲ. ಯಾವ ಹಂತದಲ್ಲಿ ಎದ್ದು ಹೊರಡಬೇಕೆಂದು ಒಂದು ಚೀಟಿಯಲ್ಲಾದರೂ ಆ ಮನೆಗೆ ಯಾರೂ ಬರೆದುಕೊಟ್ಟಿರಲಿಲ್ಲ, ಅಷ್ಟೆ.

ಹಾಗಾದರೆ ‘ಯಾವ ಹಂತ’ ಎಂಬುದನ್ನು ರೋಗಿ ತಿಳಿಯುವುದು ಹೇಗೆ? ಜ್ವರಕ್ಕೆ ಥರ್ಮಾಮೀಟರ್ ಇದ್ದಂತೆ ಉಬ್ಬಸಕ್ಕೆ ಒಂದು ಅಳತೆಗೋಲು ಬೇಕಿತ್ತು. ಅದನ್ನು ಕೊಟ್ಟವರು ಬ್ರಿಟನ್ನಿನ ಬಿ. ಎಂ. ರೈಟ್. ಗಣಿ ಕಾರ್ಮಿಕರ ಶ್ವಾಸರೋಗವನ್ನು ಅಭ್ಯಸಿಸುತ್ತಿದ್ದ ಸಂಸ್ಥೆಯಲ್ಲಿ ಅವರು ರೂಪಿಸಿದ ‘ಪೀಕ್ ಫ್ಲೋ ಮೀಟರ್’ 1959ರಲ್ಲಿ ಬೆಳಕಿಗೆ ಬಂದಿತು. ಎದೆ ತುಂಬ ಉಸಿರೆಳೆದು ಒಮ್ಮೆಗೇ ಜೋರಾಗಿ ಊದಿದರೆ ನಿಮಿಷಕ್ಕೆ ಎಷ್ಟು ಲೀಟರ್ ವೇಗದಲ್ಲಿ ಗಾಳಿ ಹೊರಬಂದಿತೆಂದು ಅದು ತೋರಿಸುತ್ತದೆ. 1978ರಲ್ಲಿ ಅವರೇ ಅದರ ಕಿರಿಯ, ಅಗ್ಗದ ರೂಪವನ್ನು ಪ್ರಕಟಿಸಿದ ಮೇಲೆ ಆ ಅಳತೆಗೋಲು ಪ್ರಯೋಗಾಲಯ ಬಿಟ್ಟು ಮನೆಯೊಳಕ್ಕೆ ಬಂದಿತು. ಅನೇಕರಿಗೆ ಉಸಿರಾಟ ಕುಗ್ಗುತ್ತಿರುವುದು ಸಂಕಟ ಆರಂಭವಾಗುವವರೆಗೂ ಅರಿವಿಗೆ ಬರುವುದಿಲ್ಲ. ಮೀಟರಿನ ಮುಳ್ಳು ಅದನ್ನು ಮೊದಲೇ ಹೇಳಬಲ್ಲದು.

ಇದೇ ಕಾಲದಲ್ಲಿ ಔಷಧಗಳೂ ಎರಡು ಸ್ಪಷ್ಟ ಗುಂಪುಗಳಾದವು. ಉಬ್ಬಸದಲ್ಲಿ ಶ್ವಾಸನಾಳದ ಸ್ನಾಯುಗಳು ಬಿಗಿಯುತ್ತವೆ. ಒಳಪದರವು ಉರಿಯೂತದಿಂದ ಊದಿಕೊಂಡು ಕಫ ತುಂಬುತ್ತದೆ. ಬಿಗಿತವನ್ನು ಕೂಡಲೇ ಸಡಿಲಿಸುವ ಸಾಲ್ಬುಟಮಾಲ್ 1969ರಲ್ಲಿ ಬಂದಿತು. ಉರಿಯೂತವನ್ನೇ ದಿನದಿನವೂ ತಣಿಸುವ ಬೆಕ್ಲೊಮೆಥಸೋನ್ ಇನ್‌ಹೇಲರ್ 1972ರಲ್ಲಿ ಬಂದಿತು. ಮೊದಲನೆಯದು ಬೆಂಕಿ ಬಿದ್ದಾಗ ಎರಚುವ ನೀರಾದರೆ ಎರಡನೆಯದು ಬೆಂಕಿ ಬೀಳದಂತೆ ಕಾಯುವ ಕ್ರಮ. ಎರಡೂ ಇನ್‌ಹೇಲರುಗಳೇ ಆದ್ದರಿಂದ ವ್ಯತ್ಯಾಸ ತಿಳಿಯದವರು, ಕೂಡಲೇ ಹಿತ ಕೊಡುವುದನ್ನು ಹಿಡಿದುಕೊಂಡು, ಕೂಡಲೇ ಏನನ್ನೂ ತೋರಿಸದ ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಅಪಾಯ ಬೇರು ಬಿಡುವುದು ಇಲ್ಲಿಯೇ.

ಔಷಧವಿತ್ತು, ಅಳತೆಗೋಲೂ ಇತ್ತು. ಇನ್ನು ಬೇಕಾದದ್ದು ಮೇಷ್ಟ್ರು. ಅಮೆರಿಕದ ಡೆನ್ವರ್ ನಗರದಲ್ಲಿ ಉಬ್ಬಸದ ಮಕ್ಕಳಿಗಾಗಿಯೇ ಒಂದು ವಸತಿ ಚಿಕಿತ್ಸಾಲಯವಿತ್ತು. ಕಠಿಣ ಉಬ್ಬಸವಿರುವ ಮಕ್ಕಳನ್ನು ತಂದೆತಾಯಿಗಳಿಂದ ದೂರವಿಟ್ಟರೆ ಗುಣವಾಗುತ್ತದೆಂಬ ನಂಬಿಕೆಯಿಂದ ಅಲ್ಲಿ ಅವರನ್ನು ದೀರ್ಘಕಾಲ ಇರಿಸಿಕೊಳ್ಳುತ್ತಿದ್ದರು. ಅಲ್ಲಿ ಕೆಲಸ ಮಾಡುತ್ತಿದ್ದ ಮನೋವಿಜ್ಞಾನಿ ಥಾಮಸ್ ಕ್ರೀರ್ ಮತ್ತು ಸಂಗಡಿಗರು ಮಕ್ಕಳೇ ತಮ್ಮ ಚಿಕಿತ್ಸೆಯಲ್ಲಿ ಪಾಲುದಾರರಾಗಬಲ್ಲರೆಂದು ಕಂಡುಕೊಂಡರು. ‘ಸ್ವನಿರ್ವಹಣೆ’ ಎಂಬ ಪರಿಕಲ್ಪನೆ ವೈದ್ಯಕೀಯದಲ್ಲಿ ಬೇರೂರಿದ್ದು ಅವರಿಂದ. ಮನೆಯಿಂದ ದೂರ ಕಳುಹಿಸುವುದಕ್ಕಿಂತ ಮನೆಯಲ್ಲಿಯೇ ಬಾಳುವುದನ್ನು ಕಲಿಸುವುದು ಮೇಲೆಂಬ ಕಡೆಗೆ ವೈದ್ಯಲೋಕ ತಿರುಗಿತು. ಮುಂದೆ ನ್ಯೂಯಾರ್ಕಿನಲ್ಲಿ ನೊರೀನ್ ಕ್ಲಾರ್ಕ್ ಮತ್ತು ಸಹೋದ್ಯೋಗಿಗಳು ಬಡ ಕುಟುಂಬಗಳಿಗಾಗಿ ‘ಓಪನ್ ಏರ್‌ವೇಸ್’ ಎಂಬ ಪಾಠಕ್ರಮವನ್ನು ರೂಪಿಸಿದರು. ಅದನ್ನು 12 ಪ್ರಾಥಮಿಕ ಶಾಲೆಗಳಲ್ಲಿ 8ರಿಂದ 11 ವರ್ಷದ ಮಕ್ಕಳಿಗೆ ಕಲಿಸಿ ನೋಡಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಪಾಠ ಕಲಿತ ಮಕ್ಕಳಲ್ಲಿ ಉಬ್ಬಸದ ಆವೃತ್ತಿ ಕಡಿಮೆಯಾದದ್ದಲ್ಲದೆ ಶಾಲೆಯ ಅಂಕಗಳೂ ಸುಧಾರಿಸಿದವು. ಇದನ್ನು ಓದಿದಾಗ ಶಿಕ್ಷಕನಾದ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಬರೆದುಕೊಟ್ಟ ಚೀಟಿಯ ಮಹತ್ವ ಸಿದ್ಧವಾದದ್ದು ಆ ಬಳಿಕ. 1989ರಲ್ಲಿ ರಿಚರ್ಡ್ ಬೀಸ್ಲಿ ಮತ್ತು ಸಂಗಡಿಗರು ವಯಸ್ಕ ರೋಗಿಗಳಿಗೆ ಲಿಖಿತ ಯೋಜನೆಯೊಂದನ್ನು ಕೊಟ್ಟ ಅನುಭವವನ್ನು ಪ್ರಕಟಿಸಿದರು. ಮೀಟರಿನ ಅಂಕಿ ಇಷ್ಟಕ್ಕೆ ಇಳಿದರೆ ಈ ಕ್ರಮ, ಇನ್ನೂ ಇಳಿದರೆ ಆ ಕ್ರಮ, ಅದಕ್ಕೂ ಇಳಿದರೆ ತಕ್ಷಣ ಆಸ್ಪತ್ರೆ ಎಂದು ಅದರಲ್ಲಿತ್ತು. ನ್ಯೂಜಿಲೆಂಡಿನಲ್ಲಿ ಅದು ಕ್ರೆಡಿಟ್ ಕಾರ್ಡಿನಷ್ಟೇ ಗಾತ್ರದ ಪ್ಲಾಸ್ಟಿಕ್ ಕಾರ್ಡಾಯಿತು. ಒಂದು ಬದಿಯಲ್ಲಿ ಮೀಟರಿನ ಅಂಕಿಗಳು, ಇನ್ನೊಂದು ಬದಿಯಲ್ಲಿ ರೋಗಲಕ್ಷಣಗಳು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಲ್ಲಿ ಉಬ್ಬಸದ ಸಾವುಗಳು ಹೆಚ್ಚಾಗಿದ್ದವು. ಅವರ ಸಮುದಾಯದವರನ್ನೇ ಜೊತೆಗೂಡಿಸಿಕೊಂಡು, ಅವರ ಸಭಾಸ್ಥಳಗಳಾದ ‘ಮರಾಯೆ’ಗಳಲ್ಲಿಯೇ ಚಿಕಿತ್ಸಾ ಶಿಬಿರ ನಡೆಸಿ ಈ ಕಾರ್ಡನ್ನು ಕಲಿಸಲಾಯಿತು. ಅದರಿಂದ ರೋಗಿಗಳ ಸ್ಥಿತಿ ಸುಧಾರಿಸಿತೆಂದು 1994ರ ವರದಿ ತಿಳಿಸಿತು.

ಅನಂತರ ಬಂದ ಒಂದು ತೀರ್ಮಾನವನ್ನು ಪ್ರತಿಯೊಬ್ಬ ಶಿಕ್ಷಕನೂ ಓದಬೇಕು. ಆಸ್ಟ್ರೇಲಿಯಾದ ಪೀಟರ್ ಗಿಬ್ಸನ್ ಮತ್ತು ಸಂಗಡಿಗರು ಜಗತ್ತಿನ ಹಲವೆಡೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಕೇವಲ ಮಾಹಿತಿ ನೀಡಿದ 12 ಅಧ್ಯಯನಗಳಲ್ಲಿ ರೋಗಿಗಳ ತಿಳಿವಳಿಕೆ ಹೆಚ್ಚಿದರೂ ಆಸ್ಪತ್ರೆ ಸೇರುವುದು ತಗ್ಗಲಿಲ್ಲ. ಸ್ವನಿರ್ವಹಣೆಯನ್ನು ಕಲಿಸಿದ 36 ಅಧ್ಯಯನಗಳಲ್ಲಾದರೋ ಆಸ್ಪತ್ರೆ ಸೇರುವ ಪ್ರಮಾಣ ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಯಿತು. ತಾನೇ ಅಳೆದು ನೋಡುವುದು, ವೈದ್ಯರಿಂದ ಕ್ರಮವಾದ ಪರಿಶೀಲನೆ, ಆಯಾ ರೋಗಿಗೆಂದೇ ಬರೆದ ಯೋಜನೆ — ಈ ಮೂರೂ ಕೂಡಿದಾಗ ಫಲ ಚೆನ್ನಾಗಿ ಕಂಡಿತು. ಕರಪತ್ರ ಹಂಚುವುದು ಪಾಠವಲ್ಲ. ಕೈಹಿಡಿದು ಮಾಡಿಸಿದ್ದು ಪಾಠ. ಕಪ್ಪುಹಲಗೆಯ ಮುಂದೆ ನಿಂತವರಿಗೆಲ್ಲ ಇದು ಗೊತ್ತಿರುವ ಸತ್ಯ.

ಆದರೂ ಗೊತ್ತಿರುವುದು ಬೇರೆ, ನಡೆಯುವುದು ಬೇರೆ. 2014ರಲ್ಲಿ ಬ್ರಿಟನ್ನಿನಲ್ಲಿ ಉಬ್ಬಸದ ಸಾವುಗಳ ರಾಷ್ಟ್ರೀಯ ಪರಿಶೀಲನೆ ಪ್ರಕಟವಾಯಿತು. ಅದರಲ್ಲಿ ಪರಿಶೀಲಿಸಿದ 195 ಮೃತರ ಪೈಕಿ ವೈಯಕ್ತಿಕ ಲಿಖಿತ ಯೋಜನೆ ಕೊಟ್ಟಿದ್ದ ದಾಖಲೆಯಿದ್ದದ್ದು 44 ಮಂದಿಗೆ ಮಾತ್ರ, ಅಂದರೆ ಶೇ. 23. ಅನುಕೂಲಸ್ಥ ದೇಶದಲ್ಲಿಯೇ ಹೀಗಿರುವಾಗ ನಮ್ಮ ಗತಿಯೇನು? ಭಾರತದಲ್ಲಿ ಸುಮಾರು 3.4 ಕೋಟಿ ಜನರಿಗೆ ಉಬ್ಬಸವಿದೆಯೆಂದು 2019ರ ಜಾಗತಿಕ ರೋಗಭಾರದ ಅಂದಾಜು ಹೇಳುತ್ತದೆ. ಜಗತ್ತಿನ ಉಬ್ಬಸದ ಹೊರೆಯಲ್ಲಿ ನಮ್ಮ ಪಾಲು ಶೇ. 13ರಷ್ಟಾದರೆ ಸಾವುಗಳಲ್ಲಿ ಶೇ. 40ನ್ನು ಮೀರುತ್ತದೆ. ನಮ್ಮ ಬೆಂಗಳೂರಿನಲ್ಲಿ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ದಾಖಲಿಸಿದಂತೆ, 1979ರಲ್ಲಿ ಶೇ. 9ರಷ್ಟು ಮಕ್ಕಳಲ್ಲಿದ್ದ ಉಬ್ಬಸ 1999ರ ವೇಳೆಗೆ ಶೇ. 29.5ಕ್ಕೆ ಏರಿತ್ತು. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನ ಮೀನಿನ ಮದ್ದಿಗಾಗಿ ನಮ್ಮ ಜಿಲ್ಲೆಗಳಿಂದಲೂ ರೈಲು ಹತ್ತಿ ಹೋಗುವವರನ್ನು ಕಂಡಿದ್ದೇನೆ. ಅವರ ನಂಬಿಕೆಯನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ಆದರೆ ಆ ಮದ್ದು ಉಬ್ಬಸವನ್ನು ಗುಣಪಡಿಸುತ್ತದೆಂದು ವೈಜ್ಞಾನಿಕವಾಗಿ ಸಿದ್ಧವಾಗಿಲ್ಲ. ಸಾಲಿನಲ್ಲಿ ನಿಂತ ಸಾವಿರಾರು ಮಂದಿಗೂ ಅದು ಒಂದೇ. ಅದನ್ನು ನಂಬಿ ದಿನದ ಇನ್‌ಹೇಲರನ್ನು ನಿಲ್ಲಿಸುವುದು ಮಾತ್ರ ಅಪಾಯವನ್ನು ಕರೆದಂತೆ.

ವಿದ್ಯೆಯೂ ನಿಂತ ನೀರಲ್ಲ. 2019ರಲ್ಲಿ ಉಬ್ಬಸದ ಜಾಗತಿಕ ಮಾರ್ಗದರ್ಶಿಯಾದ ‘ಗೀನಾ’ ಸಂಸ್ಥೆಯು, ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್‌ನಂಥ ಔಷಧವನ್ನು ಒಂಟಿಯಾಗಿ ಕೊಡಬಾರದು, ಉರಿಯೂತ ತಗ್ಗಿಸುವ ಔಷಧವೂ ಜೊತೆಗಿರಬೇಕು ಎಂದು ಹೇಳಿತು. ಹಳೆಯ ಚೀಟಿಯನ್ನೇ ಹಿಡಿದು ಅಂಗಡಿಯಿಂದ ನೀಲಿ ಇನ್‌ಹೇಲರ್ ತರುತ್ತಿರುವವರು ವೈದ್ಯರನ್ನು ಮತ್ತೆ ಕಾಣಬೇಕು. ಬಡತನವೂ ನೆಪವಾಗಬೇಕಿಲ್ಲ. ಇನ್‌ಹೇಲರಿಗೆ ಜೋಡಿಸುವ ‘ಸ್ಪೇಸರ್’ ಕೊಳ್ಳಲಾಗದ ಕಡೆ 500 ಮಿಲಿ ಲೀಟರಿನ ಪ್ಲಾಸ್ಟಿಕ್ ಬಾಟಲಿಯಿಂದ ಸರಿಯಾಗಿ ತಯಾರಿಸಿದ ಸ್ಪೇಸರೂ ಮಕ್ಕಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ವೈದ್ಯೆ ಹೆದರ್ ಜಾರ್ ಮತ್ತು ಸಂಗಡಿಗರು 1999ರಲ್ಲಿಯೇ ತೋರಿಸಿಕೊಟ್ಟಿದ್ದಾರೆ.

ಕೊನೆಯದಾಗಿ, ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಈಗ ತಾಯಿತಂದೆಯರು, ಕೆಲವರು ಅಜ್ಜಅಜ್ಜಿಯರು. ಮನೆಯಲ್ಲಿ ಉಬ್ಬಸದವರಿದ್ದರೆ ಮುಂದಿನ ಸಲ ವೈದ್ಯರ ಬಳಿ ಹೋದಾಗ ಒಂದು ಖಾಲಿ ಹಾಳೆಯನ್ನು ಒಯ್ಯಿರಿ. ಅದರಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಮನೆ ಮಾಡಿ ತುಂಬಿಸಿಕೊಡಲು ಕೇಳಿರಿ. ರೋಗಿಯ ಅತ್ಯುತ್ತಮ ಅಂಕಿ 400 ಎಂದಿಟ್ಟುಕೊಂಡರೆ, ಸಾಮಾನ್ಯವಾಗಿ ಅದರ ಶೇ. 80, ಅಂದರೆ 320ರ ಮೇಲಿದ್ದರೆ ಹಸಿರು, 320ರಿಂದ 200ರ ನಡುವೆ ಹಳದಿ, ಶೇ. 50ಕ್ಕಿಂತ, ಅಂದರೆ 200ಕ್ಕಿಂತ ಇಳಿದರೆ ಕೆಂಪು. ಮೀಟರ್ ಇಲ್ಲದಿದ್ದರೆ ಲಕ್ಷಣಗಳಿಂದಲೇ ಬರೆಸಿಕೊಳ್ಳಬಹುದು: ರಾತ್ರಿ ಎಚ್ಚರವಾಗುತ್ತಿದೆಯೇ, ಮೆಟ್ಟಿಲು ಹತ್ತಲಾಗುತ್ತಿದೆಯೇ, ಒಂದು ವಾಕ್ಯವನ್ನು ತಡೆಯದೆ ಹೇಳಲಾಗುತ್ತಿದೆಯೇ. ಪ್ರತಿ ಮನೆಯಲ್ಲೂ ಏನು ಮಾಡಬೇಕೆಂಬುದನ್ನು ವೈದ್ಯರೇ ಬರೆಯಲಿ. ಅಂಕಿಗಳು ಪಕ್ಕದ ಮನೆಯವರದಲ್ಲ, ನಿಮ್ಮವರದೇ ಆಗಿರಲಿ. ಇನ್‌ಹೇಲರ್ ಬಳಸುವ ಕ್ರಮವನ್ನು ಅವರ ಮುಂದೆಯೇ ಒಮ್ಮೆ ಮಾಡಿ ತೋರಿಸಿ ತಿದ್ದಿಸಿಕೊಳ್ಳಿರಿ. ಆ ಹಾಳೆಯ ಒಂದು ಪ್ರತಿಯನ್ನು ಬೀರುವಿನ ಬಾಗಿಲಿಗೆ ಅಂಟಿಸಿ, ಇನ್ನೊಂದನ್ನು ಮಗುವಿನ ತರಗತಿಯ ಶಿಕ್ಷಕರ ಕೈಗೆ ಕೊಡಿರಿ. ಕೆಂಪು ಮನೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ವಾಹನದ ಫೋನ್ ಸಂಖ್ಯೆಯನ್ನೂ ಬರೆದಿಡಲು ಮರೆಯದಿರಿ.